ಹಳೆಯ ವಿಂಚೆಸ್ಟರ್ ಲಿವರ್ ರೈಫಲ್‌ನ ಸೈಟ್: ಗುರುತಿಸುವುದು, ಬಿಚ್ಚುವುದು, ಸರಿಮಾಡುವುದು

ಹಳೆಯ ವಿಂಚೆಸ್ಟರ್ 1894 (ಟ್ರಿಗರ್ ಸುತ್ತಲಿನ ಲಿವರ್ ಎಳೆದು ತೋಟಾ ತುಂಬುವ ಅಮೆರಿಕದ ರೈಫಲ್) ಕೈಗೆ ಬಂದ ತಕ್ಷಣ ಹೆಚ್ಚಿನವರು ಮಾಡುವ ಮೊದಲ ಕೆಲಸ, ಅಲ್ಲಾಡುವ ಸೈಟ್‌ಗೆ, ಅಂದರೆ ಗುರಿ ಹಿಡಿಯಲು ರೈಫಲ್ ಮೇಲಿರುವ ಭಾಗಕ್ಕೆ, ಸುತ್ತಿಗೆಯಲ್ಲಿ ಎರಡು ಏಟು ಹಾಕುವುದು. ಅದೂ ತಪ್ಪು ಕಡೆಯಿಂದ. ಅಮೆರಿಕದಲ್ಲಿ ನೆಲೆಸಿರುವ ನಮ್ಮವರು ಎಸ್ಟೇಟ್ ಸೇಲ್‌ನಲ್ಲೋ (ತೀರಿಹೋದವರ ಮನೆ ಸಾಮಾನಿನ ಮಾರಾಟ) ಗನ್ ಶೋದಲ್ಲೋ ಇಂಥ ರೈಫಲ್ ಕೊಂಡು, ಆಮೇಲೆ ಕಳಿಸುವ ಫೋಟೋಗಳಲ್ಲಿ ಕಾಣುವುದು ಒಂದೇ ಕಥೆ. ಜಜ್ಜಿಹೋದ ಸೈಟ್, ಬ್ಯಾರೆಲ್ ಮೇಲೆ ಹೊಳೆಯುವ ಗೀರು, ತಲೆ ಕಿತ್ತುಹೋದ ಸ್ಕ್ರೂ. ಇದರಲ್ಲಿ ಯಾವುದೂ ಆಗಬೇಕಾಗಿರಲಿಲ್ಲ. ಕೆಲಸ ಕಷ್ಟದ್ದಲ್ಲ, ಆದರೆ ಯಾವುದರ ನಂತರ ಯಾವುದು ಅನ್ನೋದು ತಪ್ಪಿದರೆ ನೂರು ವರ್ಷದ ಲೋಹ ವಾಪಸ್ ಬರೋದಿಲ್ಲ.

ಇಲ್ಲಿ ನಾನು 1894 ಮಾದರಿಯನ್ನೇ ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ. 1886, 1892 ಮಾದರಿಗಳಿಗೂ ಆ ಕಾಲದ ಮಾರ್ಲಿನ್ ರೈಫಲ್‌ಗಳಿಗೂ ಕೆಲಸದ ಕ್ರಮ ಇದೇ. ಬಿಡಿಭಾಗಗಳು ಮಾತ್ರ ಒಂದರದ್ದು ಇನ್ನೊಂದಕ್ಕೆ ಕೂರುತ್ತವೆ ಅಂದುಕೊಳ್ಳಬೇಡಿ.

ಮೊದಲು ಕಾನೂನಿನ ಮಾತು

ಅಮೆರಿಕದ ಫೆಡರಲ್ ಕಾನೂನಿನಲ್ಲಿ 1898 ಅಥವಾ ಅದಕ್ಕೂ ಮುಂಚೆ ತಯಾರಾದ ಬಂದೂಕು ಆಂಟಿಕ್. ಮಾದರಿಯ ಹೆಸರಲ್ಲಿ 1894 ಇದೆ ಅಂದ ಮಾತ್ರಕ್ಕೆ ನಿಮ್ಮದು ಆಂಟಿಕ್ ಆಗುವುದಿಲ್ಲ, ಈ ಮಾದರಿ 20ನೇ ಶತಮಾನದ ಉದ್ದಕ್ಕೂ ತಯಾರಾಗಿದೆ. ಸೀರಿಯಲ್ ನಂಬರ್ ನೋಡಿಯೇ ಹೇಳಬೇಕು. ರಾಜ್ಯಗಳ ಕಾನೂನು ಬೇರೆ ಬೇರೆ, ನಿಮ್ಮದನ್ನು ನೋಡಿಕೊಳ್ಳಿ.

ಭಾರತದಲ್ಲಿ ಓದುತ್ತಿರುವವರಿಗೆ: 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಬಂದೂಕು ರಿಪೇರಿ ಮಾಡುವುದಕ್ಕೇ ಪ್ರತ್ಯೇಕ ಲೈಸೆನ್ಸ್ ಬೇಕು. ಕೊಡಗಿನಲ್ಲಿ ಕೋವಿ ಇಟ್ಟುಕೊಳ್ಳಲು ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ರಿಪೇರಿ ಕೆಲಸಕ್ಕಲ್ಲ. ಇಲ್ಲಿರುವವರು ಈ ಬರಹ ಓದಿ ಗುರುತಿಸುವುದನ್ನು ಕಲಿಯಿರಿ, ಕೈಕೆಲಸವನ್ನು ಲೈಸೆನ್ಸ್ ಇರುವ ಗನ್‌ಸ್ಮಿತ್‌ಗೆ ಬಿಡಿ.

ಬೇಕಾಗುವ ಸಾಮಾನು

ಹಿತ್ತಾಳೆ ಪಂಚ್ ಒಂದು, ನೈಲಾನ್ ಪಂಚ್ ಒಂದು. ಚಿಕ್ಕ ಸುತ್ತಿಗೆ, ಸುಮಾರು 200 ಗ್ರಾಂ ತೂಕದ್ದು. ಬೆಂಚ್ ವೈಸ್, ಅದರ ದವಡೆಗೆ ದಪ್ಪ ಚರ್ಮ. ತುದಿ ಎರಡೂ ಕಡೆ ಸಮಾನಾಂತರವಾಗಿ ಅರೆದಿರುವ ಗನ್‌ಸ್ಮಿತ್ ಸ್ಕ್ರೂಡ್ರೈವರ್ ಸೆಟ್. ಇದರಲ್ಲಿ ಮಾತ್ರ ಜುಗ್ಗತನ ಬೇಡ. ಹಾರ್ಡ್‌ವೇರ್ ಅಂಗಡಿಯ ಸಾಮಾನ್ಯ ಸ್ಕ್ರೂಡ್ರೈವರ್ ತುದಿ ಬೆಣೆಯ ಆಕಾರದಲ್ಲಿರುತ್ತದೆ, ಅದು ಸ್ಕ್ರೂ ತಲೆಯ ಸೀಳಿನ ತಳಕ್ಕೆ ಮುಟ್ಟುವುದೇ ಇಲ್ಲ, ಮೇಲಂಚಿನಲ್ಲೇ ಸಿಕ್ಕಿಕೊಂಡು ತಿರುಗಿಸುವಾಗ ಜಾರಿ ಅಂಚನ್ನು ಕಿತ್ತುಹಾಕುತ್ತದೆ.

ಒಂದು ಮೂರು ಮೂಲೆಯ ಅರ ಬೇಕು, ಅದರ ಒಂದು ಮುಖದ ಹಲ್ಲನ್ನು ಪೂರ್ತಿ ಅರೆದು ನುಣುಪು ಮಾಡಿರಬೇಕು. ಯಾಕೆ ಅನ್ನೋದು ಎಂಟನೇ ಹಂತದಲ್ಲಿ. ಇಳಿಯುವ ಎಣ್ಣೆ (ಪೆನಿಟ್ರೇಟಿಂಗ್ ಆಯಿಲ್), ಸೀಮೆಎಣ್ಣೆ, 0000 ನಂಬರಿನ ಸ್ಟೀಲ್ ವುಲ್, ಡಿಜಿಟಲ್ ಕ್ಯಾಲಿಪರ್, ಚಿಕ್ಕ ಟಾರ್ಚ್, ಭೂತಗನ್ನಡಿ, ಮಾಸ್ಕಿಂಗ್ ಟೇಪ್ ಇದ್ದರೆ ಸಾಕು. ಡ್ರಿಲ್ ಮತ್ತು ಬಫಿಂಗ್ ಚಕ್ರವನ್ನು ಈ ಕೋಣೆಯಿಂದ ಆಚೆ ಇಡಿ.

1. ಖಾಲಿ ಇದೆಯಾ ನೋಡಿ, ಮತ್ತೆ ನೋಡಿ

ಲಿವರ್ ರೈಫಲ್‌ನಲ್ಲಿ ತೋಟಾಗಳು ಬ್ಯಾರೆಲ್ ಕೆಳಗಿನ ಉದ್ದ ಕೊಳವೆಯಲ್ಲಿ ಸಾಲಾಗಿ ಇರುತ್ತವೆ. ಹಳೆಯ ಕೊಳವೆಯಲ್ಲಿ ಸ್ಪ್ರಿಂಗ್ ಸೋತಿದ್ದರೆ, ಒಳಗೆ ತುಕ್ಕು ಕಟ್ಟಿದ್ದರೆ, ಲಿವರ್ ಎಷ್ಟು ಸಲ ಎಳೆದರೂ ಒಂದು ತೋಟಾ ಒಳಗೇ ಕೂತಿರಬಹುದು. ಆದ್ದರಿಂದ ಲಿವರ್ ಎಳೆದು ಏನೂ ಬರಲಿಲ್ಲ ಅಂದರೆ ಖಾಲಿ ಅಂತ ಅರ್ಥ ಅಲ್ಲ.

ಟ್ರಿಗರ್‌ನಿಂದ ಬೆರಳು ದೂರ ಇಟ್ಟು, ಬ್ಯಾರೆಲ್ ಬಾಯಿ ಯಾರೂ ಇಲ್ಲದ ಕಡೆಗೆ ತಿರುಗಿಸಿ, ಲಿವರ್ ಪೂರ್ತಿ ತೆರೆಯಿರಿ. ಚೇಂಬರ್‌ಗೆ, ಅಂದರೆ ಬ್ಯಾರೆಲ್ ಹಿಂಬದಿಯಲ್ಲಿ ತೋಟಾ ಕೂರುವ ಜಾಗಕ್ಕೆ, ಕಿರುಬೆರಳು ಹಾಕಿ ಮುಟ್ಟಿ ನೋಡಿ. ಆಮೇಲೆ ಟಾರ್ಚ್ ಬಿಟ್ಟು ಕೊಳವೆಯ ಬಾಯಿ ನೋಡಿ, ತೋಟಾಗಳನ್ನು ಹಿಂದಕ್ಕೆ ತಳ್ಳುವ ಫಾಲೋವರ್ ಕಣ್ಣಿಗೆ ಕಾಣಬೇಕು. ಅದು ಕಾಣದಿದ್ದರೆ ಕೆಲಸ ಅಲ್ಲಿಗೇ ನಿಲ್ಲಿಸಿ, ಗನ್‌ಸ್ಮಿತ್ ಹತ್ತಿರ ಒಯ್ಯಿರಿ. ಮನೆಯಲ್ಲಿರುವ ತೋಟಾಗಳೆಲ್ಲ ಬೇರೆ ಕೋಣೆಯಲ್ಲಿರಲಿ.

2. ಏನನ್ನೂ ಮುಟ್ಟದೆ ಗುರುತಿಸಿ

ಸೋಲುವವರು ಹೆಚ್ಚಾಗಿ ಸೋಲುವುದು ಇಲ್ಲೇ, ಈ ಹಂತವನ್ನು ಹಾರಿಸಿ. ಮೊದಲು ಎಲ್ಲ ಕೋನದಿಂದ ಫೋಟೋ ತೆಗೆಯಿರಿ. ಪ್ರತಿ ಸೈಟ್ ತನ್ನ ಗಾಡಿಯಲ್ಲಿ (ಸೈಟ್ ಕೂರಲು ಬ್ಯಾರೆಲ್‌ಗೆ ಅಡ್ಡಲಾಗಿ ಕೊರೆದ ತೋಡು) ಎಷ್ಟು ಎಡಕ್ಕೆ, ಎಷ್ಟು ಬಲಕ್ಕೆ ಇದೆ ಅಂತ ಕ್ಯಾಲಿಪರ್‌ನಲ್ಲಿ ಅಳೆದು ಬರೆದಿಡಿ. ಕೆಲವು ರೈಫಲ್‌ಗಳಲ್ಲಿ ಸೈಟ್ ಮತ್ತು ಬ್ಯಾರೆಲ್ ಎರಡರ ಮೇಲೂ ಸೇರಿದಂತೆ ಕೂದಲಿನಷ್ಟು ಸಣ್ಣ ಗೆರೆ ಇರುತ್ತದೆ, ಹಿಂದೆ ಯಾರೋ ಗುರಿ ಹೊಂದಿಸಿ ಹಾಕಿದ ಗುರುತು. ಅದನ್ನು ಅಳಿಸಬೇಡಿ.

ಈಗ ಮುಂದಿನ ಸೈಟ್. 26 ಇಂಚಿನ ಬ್ಯಾರೆಲ್ ಇರುವ ರೈಫಲ್ ಆದರೆ ಅದು ಡವ್‌ಟೇಲ್ ಗಾಡಿಯಲ್ಲಿ (ತಳ ಅಗಲ, ಬಾಯಿ ಕಿರಿದಾದ ತೋಡು) ಕೂತ ಚಿಕ್ಕ ಅಲಗು, ಹಲವು ಸಲ ಜರ್ಮನ್ ಸಿಲ್ವರ್ ಅನ್ನುವ ತಾಮ್ರ-ನಿಕಲ್ ಮಿಶ್ರಲೋಹದ್ದು. ಕಬ್ಬಿಣದ ತಳದ ಮೇಲೆ ಬೆಳ್ಳಗೆ, ಸ್ವಲ್ಪ ಹಳದಿ ಛಾಯೆಯಲ್ಲಿ ಕಂಡರೆ ಅದೇ. ತುದಿಯಲ್ಲಿ ಬಿಳಿ ಮಣಿ ಇದ್ದರೆ ಲೈಮನ್ ಕಂಪನಿಯ ದಂತದ ಮಣಿ ಇರಬಹುದು. ಮಡಚುವ ಸಣ್ಣ ಉಂಗುರ ಇದ್ದರೆ ಬೀಚ್ ಕಾಂಬಿನೇಶನ್ ಸೈಟ್ ಅಥವಾ ಲೈಮನ್‌ನ ಅದೇ ಬಗೆಯದ್ದು. 20 ಇಂಚಿನ ಬ್ಯಾರೆಲ್ ಇರುವ ಕಾರ್ಬೈನ್, ಅಂದರೆ ಗಿಡ್ಡ ರೂಪ ಆದರೆ ಕಥೆಯೇ ಬೇರೆ. ಅಲ್ಲಿ ಬ್ಯಾರೆಲ್‌ಗೇ ಅಂಟಿದ ಗಟ್ಟಿ ದಿಂಡು ಇರುತ್ತದೆ, ಅದರ ಸೀಳಿನಲ್ಲಿ ಅಲಗು, ಅಡ್ಡಲಾಗಿ ಒಂದು ಸಣ್ಣ ಪಿನ್. ಆ ದಿಂಡನ್ನು ಡವ್‌ಟೇಲ್ ಅಂದುಕೊಂಡು ಬಡಿಯುವವರಿದ್ದಾರೆ. ಅದು ಜರುಗುವುದಿಲ್ಲ, ಕಿತ್ತುಬರುತ್ತದೆ. ಓರೆಯಾದ ದಿಬ್ಬದ ಮೇಲೆ ಸೈಟ್ ಕೂತು, ಮೇಲೆ ತೆಗೆಯುವ ಮುಚ್ಚಳ ಇದ್ದರೆ ಅದು 1930ರ ದಶಕದಿಂದ ಈಚಿನ ರೂಪ.

ಹಿಂದಿನ ಸೈಟ್ ಬ್ಯಾರೆಲ್ ಮೇಲೆ ಇರುತ್ತದೆ. ಎರಡು ಕೊಂಬು ಒಳಕ್ಕೆ ಬಾಗಿದ್ದರೆ ಬಕ್‌ಹಾರ್ನ್, ಕೊಂಬು ಗಿಡ್ಡವಾಗಿದ್ದರೆ ಸೆಮಿ ಬಕ್‌ಹಾರ್ನ್, ಮೇಲಂಚು ಚಪ್ಪಟೆಯಾಗಿದ್ದರೆ ಫ್ಲಾಟ್ ಟಾಪ್. ಇವುಗಳ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದ ಒಂದು ತೆಳ್ಳನೆ ಪಟ್ಟಿ ಇರಬೇಕು. ಎಲಿವೇಟರ್ ಅಂತಾರೆ. ಕಳೆದುಹೋಗುವ ಮೊದಲ ಭಾಗ ಅದೇ. ಕಾರ್ಬೈನ್‌ನಲ್ಲಿ ಏಣಿಯಂತೆ ಎದ್ದು ನಿಲ್ಲುವ ಸೈಟ್ ಇರಬಹುದು.

ಬ್ಯಾರೆಲ್ ಮೇಲಿನ ಗಾಡಿಯಲ್ಲಿ ಸೈಟ್ ಬದಲು ಬರೀ ಲೋಹದ ತುಂಡು ಕೂತಿದೆಯಾ? ಅದನ್ನು ಕೊರತೆ ಅಂದುಕೊಂಡು ಹೊಸ ಸೈಟ್ ಕೊಳ್ಳಬೇಡಿ. ಹ್ಯಾಮರ್ ಹಿಂದೆ, ಹಿಡಿಯ ಮೇಲಿನ ಉಕ್ಕಿನ ಪಟ್ಟಿ ಇದೆಯಲ್ಲ, ಟ್ಯಾಂಗ್, ಅದರ ಮೇಲೆ ತೂತಿನ ಸೈಟ್ ಹಾಕಿಸಿಕೊಂಡವರು ಬ್ಯಾರೆಲ್ ಗಾಡಿಯನ್ನು ಹೀಗೆ ಮುಚ್ಚಿಸುತ್ತಿದ್ದರು. ಟ್ಯಾಂಗ್ ಸೈಟ್‌ಗಳಲ್ಲಿ ಎರಡು ಹೆಸರು ಮುಖ್ಯ. ಕನೆಕ್ಟಿಕಟ್‌ನ ಮಿಡಲ್‌ಫೀಲ್ಡ್‌ನಲ್ಲಿದ್ದ ಲೈಮನ್, ಇದರ ಪೇಟೆಂಟ್ 1879ರದ್ದು. ಇನ್ನೊಂದು ಮಿಶಿಗನ್‌ನ ಗ್ಲಾಡ್‌ಸ್ಟೋನ್‌ನ ಮಾರ್ಬಲ್ಸ್. ಕೈಯಲ್ಲಿ ಮುಟ್ಟಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಮಾರ್ಬಲ್ಸ್ ಸೈಟ್‌ನ ಬುಡದಲ್ಲಿ ಬಲವಾದ ಸ್ಪ್ರಿಂಗ್ ಇದೆ, ತಳ್ಳಿದರೆ ಬಾಗಿ ಮತ್ತೆ ಎದ್ದು ನಿಲ್ಲುತ್ತದೆ.

3. ಜೊತೆಗೇ ಬಂದದ್ದಾ, ಆಮೇಲೆ ಸೇರಿಸಿದ್ದಾ

ಬೆಳಕನ್ನು ಬ್ಯಾರೆಲ್‌ನ ಉದ್ದಕ್ಕೆ ಅಡ್ಡಡ್ಡ ಬಿಟ್ಟು ಗಾಡಿಯ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ಸೈಟ್ ಮತ್ತು ಬ್ಯಾರೆಲ್ ಒಟ್ಟಿಗೇ ಮುದಿಯಾಗಿದ್ದರೆ ಎರಡರ ಬಣ್ಣವೂ ಒಂದೇ ಕಂದು, ಗಾಡಿಯ ಸಂದಿಯಲ್ಲಿ ಕೂತ ಕೊಳೆ ಗೆರೆ ಒಡೆಯದೆ ಒಂದೇ ಸಮ ಓಡಿರುತ್ತದೆ. ಸೈಟ್ ತುಂಬಾ ತುಕ್ಕಿನ ಗುಳಿ, ಪಕ್ಕದ ಬ್ಯಾರೆಲ್ ನುಣುಪು ಅಂದರೆ ಆ ಸೈಟ್ ಬೇರೆ ಎಲ್ಲಿಂದಲೋ ಬಂದದ್ದು. ಗಾಡಿಯ ಎಡ ಅಂಚಿನಲ್ಲಿ ಹೊಳೆಯುವ ಗೀರು ಇದ್ದರೆ ಯಾರೋ ಇತ್ತೀಚೆಗೆ ಕೈಯಾಡಿಸಿದ್ದಾರೆ. ಮೂಲ ಸೈಟ್‌ಗಳು ಉಕ್ಕನ್ನು ಕತ್ತರಿಸಿ ಮಾಡಿದವು, ಅಂಚು ಚೂಪಾಗಿರುತ್ತದೆ. ಇಂದಿನ ನಕಲುಗಳಲ್ಲಿ ಎಷ್ಟೋ ಎರಕದವು, ಅಂಚು ಮೊಂಡು, ತಳದಲ್ಲಿ ಸೂಜಿಮೊನೆಯಷ್ಟು ಗುಳಿಗಳು.

ಟ್ಯಾಂಗ್ ಸೈಟ್ ಇದ್ದರೆ ಅದರ ತಳಪಟ್ಟಿಯ ಮೇಲೆ ಅಕ್ಷರದ ಗುರುತು ಒತ್ತಿರುತ್ತದೆ, ಯಾವ ಮಾದರಿಗೆ ಅಂತ ಹೇಳುವ ಸಂಕೇತ. ಮಾರ್ಲಿನ್‌ನ ತಳ ವಿಂಚೆಸ್ಟರ್ ಮೇಲೆ ಕೂತಂತೆ ಕಾಣಬಹುದು, ಆದರೆ ಸ್ಕ್ರೂ ತೂತಿನ ಅಂತರವೂ ತಳದ ಬಾಗೂ ಬೇರೆ. ಕೊಳ್ಳುವ ಮುಂಚೆ ಆ ಅಕ್ಷರದ ಫೋಟೋ ಕೇಳಿ.

ಸೀರಿಯಲ್ ನಂಬರ್ 353999ರ ಒಳಗಿದ್ದರೆ ಇನ್ನೊಂದು ದಾರಿ ಇದೆ. ವಯೋಮಿಂಗ್‌ನ ಕೋಡಿ ಊರಿನ ಫೈರ್‌ಆರ್ಮ್ಸ್ ಮ್ಯೂಸಿಯಂ ಹತ್ತಿರ ವಿಂಚೆಸ್ಟರ್ ಕಾರ್ಖಾನೆಯ ಹಳೆಯ ದಾಖಲೆಗಳಿವೆ. ಹಣ ಕಟ್ಟಿ ಕೇಳಿದರೆ ಆ ನಂಬರಿನ ರೈಫಲ್ ಕಾರ್ಖಾನೆ ಬಿಟ್ಟಾಗ ಹೇಗಿತ್ತು ಅಂತ ಪತ್ರ ಕೊಡುತ್ತಾರೆ. ವಿಶೇಷ ಸೈಟ್ ಹೇಳಿ ಮಾಡಿಸಿದ್ದು ದಾಖಲಾಗಿದ್ದರೆ ಅದೂ ಅದರಲ್ಲಿ ಬರುತ್ತದೆ. ಪತ್ರ ಬರುವ ತನಕ ಬಿಡಿಭಾಗ ಕೊಳ್ಳಬೇಡಿ. ಈ ಕಾಯುವ ಕೆಲಸಕ್ಕೆ ಯಾರೂ ಒಪ್ಪುವುದಿಲ್ಲ, ಆದರೆ ತಪ್ಪು ಸೈಟ್‌ಗೆ ಸುರಿಯುವ ದುಡ್ಡಿಗಿಂತ ಪತ್ರದ ಶುಲ್ಕ ಕಡಿಮೆ.

4. ಎಣ್ಣೆ ಇಳಿಯಲಿ

ಸೈಟ್‌ನ ಎರಡೂ ಪಕ್ಕ, ಗಾಡಿಯ ಸಂದಿಗೆ ಒಂದೊಂದು ಹನಿ ಇಳಿಯುವ ಎಣ್ಣೆ. ಎರಡು ಮೂರು ದಿನ, ದಿನಕ್ಕೆ ಒಂದು ಸಲ. ಅಸಿಟೋನ್ ಮತ್ತು ಕಾರಿನ ಆಟೊಮ್ಯಾಟಿಕ್ ಟ್ರಾನ್ಸ್‌ಮಿಶನ್ ಎಣ್ಣೆ ಬೆರೆಸಿ ಹಾಕುವ ರೂಢಿ ಇದೆ, ಕೆಲಸವೂ ಮಾಡುತ್ತದೆ, ಆದರೆ ಮರದ ಹಿಡಿಯ ಹತ್ತಿರ ಅದು ಬೇಡ. ಅಸಿಟೋನ್ ತಾಕಿದ ಕಡೆ ಹಳೆಯ ವಾರ್ನಿಶ್ ಕರಗಿ ಬಿಳಿ ಕಲೆ ಬೀಳುತ್ತದೆ. ಟ್ಯಾಂಗ್ ಸ್ಕ್ರೂಗೆ ಬರೀ ಎಣ್ಣೆ, ಅದೂ ಕಡ್ಡಿಯ ತುದಿಯಿಂದ, ಜಾಸ್ತಿಯಾದರೆ ಮರ ಕುಡಿದು ಮೆತ್ತಗಾಗುತ್ತದೆ.

ಗ್ಯಾಸ್ ಬರ್ನರ್ ಹಿಡಿಯಬೇಡಿ. ಬ್ಯಾರೆಲ್‌ನ ಬಣ್ಣ ಹೋಗುತ್ತದೆ, ಹಿಂದಿನ ಸೈಟ್‌ನ ಪಟ್ಟಿ ಸ್ವತಃ ಒಂದು ಸ್ಪ್ರಿಂಗ್ ಆದ್ದರಿಂದ ಅದರ ಬಿಗುವೂ ಹೋಗುತ್ತದೆ.

5. ಡವ್‌ಟೇಲ್ ಸೈಟ್ ಬಿಚ್ಚುವುದು

ರೈಫಲ್‌ನ ಹಿಡಿ ನಿಮ್ಮ ಕಡೆ, ಬಾಯಿ ಆಚೆ ಇರುವಂತೆ ನಿಂತುಕೊಳ್ಳಿ. ತೆಗೆಯುವಾಗ ಎಡದಿಂದ ಬಲಕ್ಕೆ. ಹಾಕುವಾಗ ಬಲದಿಂದ ಎಡಕ್ಕೆ. ಇದನ್ನು ಟೇಪ್ ಮೇಲೆ ಬರೆದು ವೈಸ್‌ಗೆ ಅಂಟಿಸಿ. ಸೈಟ್‌ಗಳನ್ನು ಬಲದಿಂದ ಒಳಗೆ ಬಡಿದು ಕೂರಿಸುವುದು ಹಳೆಯ ರೂಢಿ, ಉಲ್ಟಾ ಬಡಿದರೆ ಇನ್ನಷ್ಟು ಬಿಗಿಯಾಗಿ ಗಾಡಿಯ ತುಟಿ ಹಿಗ್ಗುತ್ತದೆ.

ಮೊದಲು ಎಲಿವೇಟರ್ ಹೊರಗೆ ತೆಗೆಯಿರಿ. ಸೈಟ್‌ನ ಪಟ್ಟಿಯನ್ನು ಉಗುರಿನಿಂದ ಸ್ವಲ್ಪ ಎತ್ತಿ, ಎಲಿವೇಟರ್ ಅನ್ನು ಹಿಂದಕ್ಕೆ ಜಾರಿಸಿ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಬ್ಯಾರೆಲ್ ಗೀರುತ್ತದೆ, ಪಟ್ಟಿಯೂ ಮುರಿಯಬಹುದು.

ಬ್ಯಾರೆಲ್ ಅನ್ನು ವೈಸ್‌ನಲ್ಲಿ ಹಿಡಿಸುವಾಗ ಚರ್ಮದ ನಡುವೆ ಬ್ಯಾರೆಲ್ ಮಾತ್ರ ಸಿಗಬೇಕು, ಕೆಳಗಿನ ಮ್ಯಾಗಜೀನ್ ಕೊಳವೆ ಸಿಗಬಾರದು. ಆ ಕೊಳವೆ ತೆಳ್ಳನೆ ತಗಡು. ವೈಸ್ ಅರ್ಧ ಸುತ್ತು ಜಾಸ್ತಿ ಬಿಗಿದರೆ ಚಪ್ಪಟೆಯಾಗುತ್ತದೆ, ಆಮೇಲೆ ಫಾಲೋವರ್ ಓಡುವುದಿಲ್ಲ. ಹಿಡಿತ ಸೈಟ್‌ಗೆ ಆದಷ್ಟು ಹತ್ತಿರ ಇರಲಿ, ದೂರದಲ್ಲಿ ಹಿಡಿದರೆ ಏಟಿನ ಬಲವೆಲ್ಲ ಬ್ಯಾರೆಲ್ ಅಲುಗುವುದರಲ್ಲೇ ಹೋಗುತ್ತದೆ.

ಪಂಚ್ ಅನ್ನು ಸೈಟ್‌ನ ತಳಕ್ಕೆ ಇಡಿ, ಮೇಲಿನ ಅಲಗಿಗೋ ಕೊಂಬಿಗೋ ಅಲ್ಲ. ಪಂಚ್‌ನ ಕೆಳಗೆ ಬ್ಯಾರೆಲ್ ಮೇಲೆ ಎರಡು ಪದರ ಟೇಪ್. ಚಿಕ್ಕದಾಗಿ, ಚುರುಕಾಗಿ ಹೊಡೆಯಿರಿ. ಹತ್ತು ಮೆಲ್ಲನೆ ಏಟಿಗಿಂತ ಒಂದು ಖಚಿತವಾದ ಏಟು ಒಳ್ಳೆಯದು. ಮೂರು ನಾಲ್ಕು ಏಟಿಗೂ ಕೂದಲೆಳೆ ಕದಲದಿದ್ದರೆ ನಿಲ್ಲಿಸಿ, ಮತ್ತೆ ಎಣ್ಣೆ, ಮತ್ತೆ ಎರಡು ದಿನ. ಸೈಟ್‌ನ ಅಂಚು ಅಣಬೆಯ ಹಾಗೆ ಹರಡಲು ಶುರುವಾದರೆ ನೀವು ಸೋಲುತ್ತಿದ್ದೀರಿ ಅಂತ ಅರ್ಥ. ಸೈಟ್ ತಳ್ಳುವ ಸ್ಕ್ರೂ ಉಪಕರಣ ಇರುವ ಗನ್‌ಸ್ಮಿತ್ ಹತ್ತಿರ ಹೋಗಿ.

ಹಿತ್ತಾಳೆ ಪಂಚ್ ಬ್ಯಾರೆಲ್ ಮೇಲೆ ಹಳದಿ ಗೆರೆ ಬಿಡುತ್ತದೆ. ಗಾಬರಿ ಬೇಡ, ಅದು ಗೀರಲ್ಲ. ಬ್ಯಾರೆಲ್ ಒಳಗಿನ ತಾಮ್ರ ತೆಗೆಯುವ ದ್ರಾವಣವನ್ನು ಹತ್ತಿಯಲ್ಲಿ ಒರೆಸಿದರೆ ಹೋಗುತ್ತದೆ.

6. ಟ್ಯಾಂಗ್ ಸೈಟ್ ಬಿಚ್ಚುವುದು

ಟ್ಯಾಂಗ್ ಸೈಟ್‌ಗೆ ಎರಡು ಸ್ಕ್ರೂ. ಒಂದು ಗಿಡ್ಡದು. ಇನ್ನೊಂದು ಉದ್ದದ್ದು, ಮರದ ಹಿಡಿಯನ್ನು ರೈಫಲ್‌ಗೆ ಹಿಡಿದಿರುವುದೂ ಅದೇ. ಅದನ್ನು ಬಿಚ್ಚಿದ ಕ್ಷಣ ಹಿಡಿ ಸಡಿಲ. ಆಧಾರ ಇಲ್ಲದೆ ನೇತಾಡಿದರೆ ಟ್ಯಾಂಗ್ ಪಕ್ಕದ ತೆಳ್ಳನೆ ಮರ ಸೀಳುತ್ತದೆ, ಹಳೆಯ ರೈಫಲ್‌ಗಳಲ್ಲಿ ಅಲ್ಲಿ ಬಿರುಕು ಮೊದಲೇ ಇರುತ್ತದೆ. ಆದ್ದರಿಂದ ರೈಫಲ್ ಮಲಗಿಸಿ, ಹಿಡಿಯ ಕೆಳಗೆ ಮಡಚಿದ ಟವೆಲ್ ಇಟ್ಟು ಆಮೇಲೆ ಸ್ಕ್ರೂ ತಿರುಗಿಸಿ.

ಸೈಟ್ ಇದ್ದಾಗ ಬೇಕಾಗುವ ಉದ್ದ ಸ್ಕ್ರೂ, ಸೈಟ್ ಇಲ್ಲದಾಗಿನದ್ದಕ್ಕಿಂತ ತಳಪಟ್ಟಿಯ ದಪ್ಪದಷ್ಟು ಉದ್ದ. ಬರೀ ಸೈಟ್ ಕೊಂಡವರು ಇಲ್ಲೇ ಸಿಕ್ಕಿಬೀಳುತ್ತಾರೆ. ಹಳೆಯ ಸ್ಕ್ರೂ ಒಂದೆರಡು ಸುತ್ತು ಮಾತ್ರ ಹಿಡಿಯುತ್ತದೆ, ಸಾಕು ಅಂದುಕೊಂಡು ಬಿಗಿದರೆ ಥ್ರೆಡ್ ಕಿತ್ತುಹೋಗುತ್ತದೆ. ವಿಂಚೆಸ್ಟರ್ ತನ್ನದೇ ಅಳತೆಯ ಥ್ರೆಡ್ ಬಳಸುತ್ತಿತ್ತು, ಅಂಗಡಿಯ ಸ್ಕ್ರೂ ಕೂರುವುದಿಲ್ಲ. ಆ ಮಾದರಿಗೆಂದೇ ಮಾಡಿದ ಸ್ಕ್ರೂ ಕೊಳ್ಳಿ. ನಿಮ್ಮ ಟ್ಯಾಂಗ್‌ನಲ್ಲಿ ಎರಡನೇ ತೂತೇ ಇಲ್ಲವಾ? ಹಾಗಾದರೆ ಟ್ಯಾಂಗ್ ಸೈಟ್ ಆಸೆ ಬಿಡಿ. ಹೊಸ ತೂತು ಕೊರೆದ ಹಳೆಯ ರೈಫಲ್‌ನ ಬೆಲೆ ಆ ಗಳಿಗೆಯಲ್ಲೇ ಬೀಳುತ್ತದೆ.

ಎತ್ತರ ಹೊಂದಿಸುವ ತೋಳು ಹಳೆಯ ಎಣ್ಣೆ ಗೋಂದಾಗಿ ಕಚ್ಚಿಕೊಂಡಿರುವುದು ಸಾಮಾನ್ಯ. ಇಕ್ಕಳ ಹಾಕಿದರೆ ಅದರ ಮೇಲಿನ ಸಣ್ಣ ಹಲ್ಲುಗಳು ಚಪ್ಪಟೆ. ಇಡೀ ಸೈಟನ್ನು ಗಾಜಿನ ಬಾಟಲಿಯಲ್ಲಿ ಸೀಮೆಎಣ್ಣೆಯೊಳಗೆ ಮುಳುಗಿಸಿಡಿ. ಒಂದೆರಡು ದಿನ ಕಳೆದರೆ ಬಾಟಲಿಯ ತಳದಲ್ಲಿ ಕಂದು ಬಣ್ಣದ ಗಸಿ ಕೂರುತ್ತದೆ, ಸಂದಿಯಿಂದ ಬೆಲ್ಲದ ಪಾಕದ ಬಣ್ಣದ ಎಳೆ ಇಳಿಯುತ್ತಿರುತ್ತದೆ. ಆಗ ಹೊರತೆಗೆದು, ಚರ್ಮದ ತುಂಡು ಸುತ್ತಿ ಕೈಬೆರಳಲ್ಲೇ ಹಿಂದೆ ಮುಂದೆ ಆಡಿಸಿ. ಒಂದು ಗೆರೆಯಷ್ಟು ಕದಲಿದರೆ ಸಾಕು, ಉಳಿದದ್ದು ತಾನಾಗಿ ಬಿಡುತ್ತದೆ. ತೂತಿನ ಉಂಗುರವನ್ನು ಕೊರೆದು ದೊಡ್ಡದು ಮಾಡಬೇಡಿ.

7. ತುಕ್ಕು ತೆಗೆಯುವುದು, ಬಣ್ಣ ಉಳಿಸುವುದು

ಕೆಂಪು ತುಕ್ಕು ಹೋಗಬೇಕು, ಕಂದು ಮುದಿಬಣ್ಣ ಉಳಿಯಬೇಕು. ಈ ಎರಡರ ವ್ಯತ್ಯಾಸ ಬೆರಳಿಗೆ ಗೊತ್ತಾಗುತ್ತದೆ. ಒರೆಸಿದರೆ ಕೈಗೆ ಪುಡಿ ಅಂಟುವುದು ತುಕ್ಕು, ನುಣ್ಣಗೆ ಉಳಿಯುವುದು ಮುದಿಬಣ್ಣ.

ಸ್ವಲ್ಪ ತುಕ್ಕಿಗೆ ಎಣ್ಣೆ ಅದ್ದಿದ 0000 ಸ್ಟೀಲ್ ವುಲ್ ಸಾಕು, ಒಣ ವುಲ್ ಬೇಡ. ಜಾಸ್ತಿ ಇದ್ದರೆ ಕುದಿಸುವ ವಿಧಾನ ಚೆನ್ನಾಗಿ ಕೆಲಸ ಮಾಡುತ್ತದೆ. ರೈಫಲ್‌ನಿಂದ ಪೂರ್ತಿ ಬಿಚ್ಚಿದ ಉಕ್ಕಿನ ಸೈಟ್‌ನ ಜಿಡ್ಡು ತೆಗೆದು, ಡಿಸ್ಟಿಲ್ಡ್ ನೀರಿನಲ್ಲಿ ಕಾಲು ಗಂಟೆ ಕುದಿಸಿ. ಕೆಂಪು ತುಕ್ಕು ಕಪ್ಪು ಆಕ್ಸೈಡ್ ಆಗಿ ಬದಲಾಗುತ್ತದೆ. ಹೊರತೆಗೆದಾಗ ಮೇಲೆ ಮಸಿಯಂಥ ಪದರ ಇರುತ್ತದೆ, ಅದನ್ನು ಜಿಡ್ಡಿಲ್ಲದ ಸ್ಟೀಲ್ ವುಲ್‌ನಿಂದ ಹಗುರವಾಗಿ ಒರೆಸಿ ಎಣ್ಣೆ ಹಚ್ಚಿ. ನೂರು ಡಿಗ್ರಿ ಶಾಖಕ್ಕೆ ಸ್ಪ್ರಿಂಗ್‌ನ ಬಿಗುವು ಹೋಗುವುದಿಲ್ಲ.

ದಂತದ ಮಣಿ ಇರುವ ಸೈಟ್ ಮಾತ್ರ ಕುದಿಸಲೇಬಾರದು, ಮಣಿ ಸೀಳುತ್ತದೆ. ಅದನ್ನು ಅಸಿಟೋನ್‌ನಿಂದಲೂ ದೂರ ಇಡಿ. ಮಣಿ ಬಿದ್ದುಹೋಗಿದ್ದರೆ ಬಿಳಿ ಪ್ಲಾಸ್ಟಿಕ್ ಕಡ್ಡಿಯಿಂದ ಮಾಡಿಸಿ, ದಂತ ಹುಡುಕಲು ಹೋಗಬೇಡಿ. ದಂತದ ವ್ಯಾಪಾರ ಭಾರತದಲ್ಲಿ ನಿಷಿದ್ಧ, ಅಮೆರಿಕದಲ್ಲೂ ಬಿಗಿ ನಿಯಮಗಳಿವೆ. ಜರ್ಮನ್ ಸಿಲ್ವರ್ ಅಲಗನ್ನು ಪಾಲಿಶ್ ಮಾಡಬೇಡಿ. ಹೊಳೆದರೆ ಬಿಸಿಲಲ್ಲಿ ಗುರಿ ಹಿಡಿಯುವಾಗ ಅದೇ ಕಣ್ಣಿಗೆ ಹೊಡೆಯುತ್ತದೆ.

ಬಾಟಲಿಯಲ್ಲಿ ಸಿಗುವ ಕೋಲ್ಡ್ ಬ್ಲೂ (ಬಿಸಿ ಮಾಡದೆ ಉಕ್ಕನ್ನು ಕಪ್ಪಾಗಿಸುವ ದ್ರಾವಣ) ಬಗ್ಗೆ ನನ್ನ ಅಭಿಪ್ರಾಯ ಗಟ್ಟಿ. ಹೊಸದಾಗಿ ಅರ ಹಾಕಿದ ಬಿಳಿ ಅಂಚಿಗೆ ಒಂದು ಹನಿ ಸರಿ, ಇಡೀ ಸೈಟ್‌ಗೆ ಬೇಡವೇ ಬೇಡ. ಹಳೆಯ ಕಂದಿನ ಪಕ್ಕದಲ್ಲಿ ಅದು ಹಸಿರುಗಪ್ಪಾಗಿ ಎದ್ದು ಕಾಣುತ್ತದೆ. ಬೆರಳಲ್ಲಿ ಉಜ್ಜಿ ಮೂಸಿದರೆ ವಾಸನೆಯೂ ಬರುತ್ತದೆ, ಅನುಭವಸ್ಥರು ಕೊಳ್ಳುವಾಗ ಮೊದಲು ಮಾಡುವುದೇ ಅದು.

8. ಬಿಗಿ, ಸಡಿಲ ಸರಿಮಾಡುವುದು

ಬ್ಯಾರೆಲ್ ಗಾಡಿಗೆ ಎಂದೂ ಅರ ಹಾಕಬೇಡಿ. ಸೈಟ್ ಹಾಳಾದರೆ ಇನ್ನೊಂದು ಸಿಗುತ್ತದೆ, ಬ್ಯಾರೆಲ್ ಸಿಗುವುದಿಲ್ಲ. ಅಮೆರಿಕನ್ ಡವ್‌ಟೇಲ್‌ನ ಸಾಮಾನ್ಯ ಅಗಲ 3/8 ಇಂಚು, ಅಂದರೆ ಸುಮಾರು 9.5 ಮಿಲಿಮೀಟರ್, ಪಕ್ಕದ ಕೋನ 60 ಡಿಗ್ರಿ. ಕೊಂಡು ತಂದ ಸೈಟ್ ಬಿಗಿಯಾದರೆ ಸೈಟ್‌ನ ತಳದ ಓರೆ ಪಕ್ಕವನ್ನೇ ತೇಯಬೇಕು. ಒಂದು ಮುಖ ನುಣುಪು ಮಾಡಿದ ಅರ ಬೇಕಾಗುವುದು ಈಗ. ನುಣುಪಾದ ಮುಖ ಒಂದು ಪಕ್ಕಕ್ಕೆ ಒರಗಿಕೊಂಡಿರುತ್ತದೆ, ಹಲ್ಲಿರುವ ಮುಖ ಬೇಕಾದ ಕಡೆ ಮಾತ್ರ ಕೊರೆಯುತ್ತದೆ. ಎರಡು ಸಲ ಎಳೆಯಿರಿ, ಕೂರಿಸಿ ನೋಡಿ, ಮತ್ತೆ ಎರಡು ಸಲ. ಕೈಯಲ್ಲಿ ಒತ್ತಿದರೆ ಮೂರರಲ್ಲಿ ಒಂದು ಭಾಗ ಒಳಗೆ ಹೋಗಬೇಕು, ಉಳಿದದ್ದು ಪಂಚ್‌ನಿಂದ. ಅಷ್ಟು ಬಂದ ಕೂಡಲೇ ಅರ ಕೆಳಗಿಡಿ.

ಸಡಿಲವಾದರೆ ಗಾಡಿಯ ತುಟಿಯನ್ನು ಸುತ್ತಿಗೆಯಿಂದ ಬಡಿದು ಬಾಗಿಸುವವರು ಜಾಸ್ತಿ, ಆ ಗುರುತು ಎಂದೂ ಹೋಗುವುದಿಲ್ಲ. ಅದರ ಬದಲು ತೆಳ್ಳನೆ ಹಿತ್ತಾಳೆ ತಗಡನ್ನು ಕತ್ತರಿಸಿ ಸೈಟ್‌ನ ತಳಕ್ಕೆ ಇಟ್ಟು ಕೂರಿಸಿ. ಅಥವಾ ಸೈಟ್‌ನ ತಳದಲ್ಲಿ, ಕಣ್ಣಿಗೆ ಕಾಣದ ಕಡೆ, ಚೂಪು ಪಂಚ್‌ನಿಂದ ಮೂರು ನಾಲ್ಕು ಚುಕ್ಕಿ ಹೊಡೆಯಿರಿ. ಚುಕ್ಕಿಯ ಸುತ್ತ ಎದ್ದ ಲೋಹವೇ ಬಿಗಿ ಕೊಡುತ್ತದೆ.

ಎಲಿವೇಟರ್ ಇಲ್ಲದಿದ್ದರೆ ಸೈಟ್ ಕೆಳಗೆ ಬಿದ್ದು ಗುಂಡು ತೀರಾ ತಗ್ಗಿ ಹೋಗುತ್ತದೆ. ಹೊಸದು ಸುಲಭವಾಗಿ ಸಿಗುತ್ತದೆ, ಆದರೆ ನಿಮ್ಮ ಸೈಟ್‌ನ ಸೀಳಿನ ಅಗಲ ಅಳೆದು ಕೊಳ್ಳಿ. ಹಾಕಿದ ಮೇಲೆ ಬೆರಳಿಗೆ ಸ್ವಲ್ಪ ತಡೆ ಸಿಗಬೇಕು. ಸರಾಗ ಜಾರಿದರೆ ಒಂದು ಗುಂಡಿನ ಪೆಟ್ಟಿಗೇ ಜಾಗ ಬಿಡುತ್ತದೆ.

9. ಜೋಡಿಸಿ ಗುರಿ ಹೊಂದಿಸುವುದು

ಗಾಡಿಗೆ ಒಂದು ಹನಿ ಎಣ್ಣೆ ಹಚ್ಚಿ ಬಲದಿಂದ ಎಡಕ್ಕೆ ಕೂರಿಸಿ, ಮೊದಲು ಬರೆದಿಟ್ಟ ಅಳತೆಗೆ ತನ್ನಿ. ಟ್ಯಾಂಗ್ ಸೈಟ್ ಹಾಕಿದ ಮೇಲೆ ಲಿವರ್ ಅನ್ನು ತುಂಬಾ ನಿಧಾನವಾಗಿ ಎಳೆಯಿರಿ, ಸೈಟ್ ನಿಂತಿದ್ದಾಗ ಒಮ್ಮೆ, ಮಡಚಿದ್ದಾಗ ಒಮ್ಮೆ. ಬೋಲ್ಟ್ (ಚೇಂಬರ್ ಮುಚ್ಚುವ ಭಾಗ) ಹಿಂದಕ್ಕೆ ಬರುವಾಗ ಅಥವಾ ಹ್ಯಾಮರ್ ಏಳುವಾಗ ಸೈಟ್‌ಗೆ ತಾಗುತ್ತಿದ್ದರೆ ತಳ ತಪ್ಪು ಮಾದರಿಯದ್ದು. ತೇಯಲು ಹೋಗಬೇಡಿ, ಸರಿಯಾದದ್ದನ್ನು ತನ್ನಿ.

ಗುಂಡು ಹಾರಿಸುವ ಮುಂಚೆ ಗನ್‌ಸ್ಮಿತ್ ಹತ್ತಿರ ಹೆಡ್‌ಸ್ಪೇಸ್ (ಬೋಲ್ಟ್ ಮುಚ್ಚಿದಾಗ ತೋಟಾಗೆ ಉಳಿಯುವ ಜಾಗದ ಅಳತೆ) ಮತ್ತು ಬ್ಯಾರೆಲ್ ಪರೀಕ್ಷೆ ಮಾಡಿಸಿ. ಬ್ಯಾರೆಲ್ ಮೇಲೆ ಒತ್ತಿರುವ ತೋಟಾದ ಹೆಸರನ್ನೇ ನಂಬಿ ಅಂಗಡಿಯ ಹೊಸ ತೋಟಾ ಹಾಕಬೇಡಿ. 1894 ಮಾದರಿ ಮೊದಲು ಬಂದದ್ದು .32-40 ಮತ್ತು .38-55 ತೋಟಾಗಳಿಗೆ, .30 ವಿಂಚೆಸ್ಟರ್ ಬಂದದ್ದು 1895ರಲ್ಲಿ. ನಿಮ್ಮ ಬ್ಯಾರೆಲ್‌ಗೆ ಎಷ್ಟು ಬಲದ ತೋಟಾ ಸರಿ ಅಂತ ಪರೀಕ್ಷೆ ಮಾಡಿದವರೇ ಹೇಳಲಿ.

ಹಿಂದಿನ ಸೈಟನ್ನು ಗುಂಡು ಹೋಗಬೇಕಾದ ಕಡೆಗೆ ಜರುಗಿಸಿ, ಮುಂದಿನದನ್ನು ಅದರ ವಿರುದ್ಧ ಕಡೆಗೆ. ಎಷ್ಟು ಅನ್ನುವುದಕ್ಕೆ ಲೆಕ್ಕ ಇದೆ. ಎರಡು ಸೈಟ್‌ಗಳ ನಡುವಿನ ದೂರವನ್ನು ಗುರಿ ತಪ್ಪಿದ ಅಳತೆಯಿಂದ ಗುಣಿಸಿ, ಗುರಿಯ ದೂರದಿಂದ ಭಾಗಿಸಿ. ಸೈಟ್‌ಗಳ ನಡುವೆ 20 ಇಂಚು, 50 ಗಜದಲ್ಲಿ ಅಂದರೆ 1800 ಇಂಚಿನಲ್ಲಿ ಗುಂಡು 4 ಇಂಚು ಎಡಕ್ಕೆ ಬಿದ್ದಿದೆ ಅನ್ನಿ. 80 ಭಾಗಿಸು 1800, ಸುಮಾರು 0.044 ಇಂಚು, ಒಂದು ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಅಷ್ಟೇ. ಕಣ್ಣಂದಾಜಿನಲ್ಲಿ ಬಡಿದವರು ಇದರ ಎರಡು ಮೂರು ಪಟ್ಟು ಜರುಗಿಸಿ, ಮತ್ತೆ ವಾಪಸ್ ಬಡಿದು, ಹೀಗೆ ಮಾಡಿ ಮಾಡಿಯೇ ಗಾಡಿ ಸಡಿಲ ಮಾಡಿಕೊಳ್ಳುತ್ತಾರೆ. ಕ್ಯಾಲಿಪರ್ ಹಿಡಿದು ಒಂದೇ ಸಲಕ್ಕೆ ಮುಗಿಸಿ.

ಗುಂಡು ಎತ್ತರಕ್ಕೆ ಹೋಗುತ್ತಿದೆ, ಎಲಿವೇಟರ್ ಕೊನೆಯ ಮೆಟ್ಟಿಲಿಗೆ ಇಳಿದಿದೆ ಅಂದರೆ ಮುಂದಿನ ಸೈಟ್ ಗಿಡ್ಡ, ಎತ್ತರದ್ದು ಬೇಕು. ತಗ್ಗಿ ಹೋಗುತ್ತಿದ್ದರೆ ಮುಂದಿನದನ್ನು ತೇಯುವ ಮನಸ್ಸಾಗುತ್ತದೆ. ಮೂಲ ಅಲಗಾದರೆ ತೇಯಬೇಡಿ, ಬಿಚ್ಚಿ ಹೆಸರು ಬರೆದ ಚೀಟಿ ಜೊತೆ ಎಣ್ಣೆ ಕಾಗದದಲ್ಲಿ ಸುತ್ತಿಟ್ಟು, ಹೊಸದೊಂದನ್ನು ಕೊಂಡು ಅದನ್ನು ತೇಯಿರಿ.

ಮೊದಲ ಇಪ್ಪತ್ತು ಗುಂಡು ಆದ ಮೇಲೆ ಟ್ಯಾಂಗ್‌ನ ಎರಡೂ ಸ್ಕ್ರೂ ಮತ್ತೆ ಮುಟ್ಟಿ ನೋಡಿ. ಮರ ಸ್ವಲ್ಪ ಒತ್ತಿಕೊಂಡು ಸಡಿಲವಾಗಿರುತ್ತವೆ, ಕಾಲು ಸುತ್ತು ಬಿಗಿದರೆ ಸಾಕು. ಲಾಕ್‌ಟೈಟ್ ಅಂಟು ಹಾಕಬೇಡಿ, ಮುಂದೆ ಬಿಚ್ಚುವವರು ಅದಕ್ಕೆ ಶಾಖ ಕೊಡಬೇಕಾಗಬಹುದು.